ಎಡಗಡೆಗೆ ಕಿವಿಗೊಟ್ಟವರು

ಅವರ ಕತ್ತು ಯಾವಾಗಲೂ ಎಡಕ್ಕೆ ತುಸು ವಾಲಿರುತ್ತಿತ್ತು. ಪಕ್ಕದ ಕೋಣೆಯಿಂದ ಯಾರೋ ಕರೆದರೇನೋ ಅಂತ ಕೈಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತೇವಲ್ಲ, ಹಾಗೆ. ನಿಂತಾಗಲೂ ಹಾಗೇ, ಕಾಫಿ ಕುಡಿಯುವಾಗಲೂ ಹಾಗೇ. ಹಳೇ ಪೆಟ್ಟಿರಬೇಕು ಅಂದುಕೊಂಡಿದ್ದೆವು. ಫುಟ್‌ಬಾಲ್ ಆಡಿ ಬದುಕಿದವರ ಮೈಯಲ್ಲಿ ಎಲ್ಲೆಲ್ಲಿ ಏನೇನು ಮುರಿದಿರುತ್ತದೋ ಯಾರಿಗೆ ಗೊತ್ತು.

ಅವರು ನಮ್ಮ ಕೋಚ್. ಸ್ಪೇನ್ ದೇಶದವರು, ಅಲ್ಲಿನ ಉತ್ತರ ಭಾಗದ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿದವರು. ಫಾರ್ವರ್ಡ್ ಆಗಿ ಊರೂರು ಆಡಿ, ಕೊನೆಗೆ ಟೊರಾಂಟೊದ ಒಂದು ಸಣ್ಣ ಕ್ಲಬ್ಬಿಗೆ ಬಂದು, ಮಂಡಿ ಕೈಕೊಟ್ಟ ಮೇಲೆ ಇಲ್ಲೇ ಉಳಿದುಬಿಟ್ಟಿದ್ದರು. ಟೊರಾಂಟೊ ಪಕ್ಕದ ವಾನ್‌ನಲ್ಲಿ ಗೋಡೌನುಗಳ ಹಿಂದೆ ಒಂದು ಡೋಮ್ ಇತ್ತು. ಗಾಳಿ ತುಂಬಿ ನಿಲ್ಲಿಸಿದ ದೊಡ್ಡ ಬಿಳಿ ಗುಡಾರ. ಹೊರಗೆ ಮೊಣಕಾಲುದ್ದ ಹಿಮವಿದ್ದರೂ ಒಳಗೆ ಹಸಿರು ಮೈದಾನ. ಭಾನುವಾರ ಬೆಳಗ್ಗೆ ಅಲ್ಲಿ ಹೆಂಗಸರಿಗೆ ಆಟ ಕಲಿಸುತ್ತಿದ್ದರು. ನನಗೆ ಆಗಲೇ ನಲವತ್ತು ದಾಟಿತ್ತು. ಹುಬ್ಬಳ್ಳಿಯ ಗೆಳತಿಯೊಬ್ಬಳು, ನನಗಿಂತ ಚಿಕ್ಕವಳು, "ಬಾ ಅಕ್ಕಾ, ಬೀಳೂದಾದ್ರ ಇಬ್ರೂ ಕೂಡೇ ಬೀಳೂಣು" ಅಂತ ಎಳೆದುಕೊಂಡು ಹೋದಳು. ಅವಳನ್ನು ಗೋಲ್‌ಕೀಪರ್ ಮಾಡಿದರು. ನನ್ನನ್ನು ಎಡಗಡೆಯ ವಿಂಗಿಗೆ, ಅಂದರೆ ಮೈದಾನದ ಅಂಚಿನ ಗೆರೆಯ ಪಕ್ಕಕ್ಕೆ, ಹಾಕಿದರು.

ನಮ್ಮ ಹೆಸರುಗಳು ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಅಂಗಿಯ ಮೇಲಿನ ನಂಬರಿನಿಂದಲೇ ಕರೆಯುತ್ತಿದ್ದರು. ನಾನು 'ಹನ್ನೊಂದು'. ಜಾಕೆಟ್ಟಿನ ಒಂದು ಜೇಬಿನಲ್ಲಿ ಸೂರ್ಯಕಾಂತಿ ಬೀಜ, ಇನ್ನೊಂದರಲ್ಲಿ ಅದರ ಸಿಪ್ಪೆ. ಹಲ್ಲಲ್ಲೇ ಬಿಡಿಸಿ ತಿನ್ನುತ್ತಾ ಗೆರೆಯ ಪಕ್ಕ ನಿಂತಿರುತ್ತಿದ್ದರು. "ಫಾರ್ವರ್ಡ್ ಅಂದರೆ ಓಡುವವನು ಅಂದ್ಕೊಂಡಿದೀರಿ. ಅಲ್ಲ, ಕಾಯುವವನು. ಇಡೀ ಆಟ ಕಾಯಬೇಕು, ಒಂದು ಕರೆಗೆ" ಅನ್ನುತ್ತಿದ್ದರು.

ಒಂದೇ ಒಂದು ಕಟ್ಟುನಿಟ್ಟಿತ್ತು. ಎಡಗಡೆಯಿಂದ ಅವರನ್ನು ಯಾರೂ ಕೂಗಬಾರದು. ಅದು ತಿಳಿಯುವ ಮೊದಲು, ಒಂದು ಭಾನುವಾರ, ನಾನು ಗೆರೆಯ ಹತ್ತಿರದಿಂದ "ಕೋಚ್!" ಅಂತ ಜೋರಾಗಿ ಕರೆದುಬಿಟ್ಟೆ. ಮಂಡಿ ಸವೆದ ಮನುಷ್ಯ, ಒಂದೇ ನೆಗೆತಕ್ಕೆ ಗೋಲಿನ ಕಡೆ ಓಡಿದರು. ಖಾಲಿ ಜಾಗಕ್ಕೆ ಹೋಗಿ ನಿಂತು ನನ್ನ ಕಡೆ ತಿರುಗಿದಾಗ ಮುಖದಲ್ಲಿ ರಕ್ತವಿರಲಿಲ್ಲ. ನನ್ನನ್ನೇ ನೋಡುತ್ತಿದ್ದರೂ ನಾನು ಅವರಿಗೆ ಕಾಣುತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಹತ್ತಿರ ಬಂದು, "ಹನ್ನೊಂದು, ಇಲ್ಲಿಂದ ಕರೀಬೇಡಿ. ಕೈ ಎತ್ತಿದ್ರೆ ಸಾಕು" ಅಂದರು.

ಗೆಳತಿ ಸುಮ್ಮನಿರುವವಳಲ್ಲ. ಹುಡುಕಿ ಹುಡುಕಿ ಅವರ ಹಳೆಯ ಆಟದ ಒಂದು ವಿಡಿಯೊ ತಂದು ಕಾರಿನಲ್ಲಿ ಕೂತು ತೋರಿಸಿದಳು. ತೆಳ್ಳಗಿನ ಹುಡುಗ, ಒಂಬತ್ತನೆಯ ನಂಬರು. ಎಡಗಡೆಯ ಆಟಗಾರ ಇನ್ನೂ ತಲೆ ತಗ್ಗಿಸಿ ಚೆಂಡನ್ನು ಹದ ಮಾಡಿಕೊಳ್ಳುತ್ತಿರುವಾಗಲೇ ಇವರು ಓಡಲು ಶುರು ಮಾಡಿದ್ದಾರೆ. ಚೆಂಡು ಬಂದು ಹಣೆಗೆ ಬಡಿದು ಒಳಗೆ ಹೋಯಿತು. ಎಲ್ಲರೂ ಅವರ ಮೇಲೆ ಬಿದ್ದು ಕುಣಿಯುತ್ತಿದ್ದರೆ, ಇವರು ಬೆರಳು ಚಾಚಿ ಎಡಗಡೆಯ ಗೆರೆಯತ್ತ ತೋರಿಸುತ್ತಿದ್ದಾರೆ. ಚೆಂಡು ಕೊಟ್ಟ ಹುಡುಗ ಅಷ್ಟರಲ್ಲಿ ಅವರ ಹೆಗಲ ಮೇಲಿದ್ದ. ಗೆರೆಯ ಹತ್ತಿರ ಯಾರೂ ಇರಲಿಲ್ಲ.

"ಯಾರಿಗೆ ತೋರಸಾಕತ್ತಾರ ಅಕ್ಕಾ?" ಅಂದಳು ಗೆಳತಿ. ಇನ್ನೊಂದು ಸಲ ಹಾಕಿ ನೋಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಆ ಚಳಿಗಾಲದ ಕೊನೆಯಲ್ಲಿ ಒಂದು ಭಾನುವಾರ ಹಿಮದ ಜೊತೆ ಮಳೆಯೂ ಬೀಳುತ್ತಿತ್ತು. ಆಟ ಶುರುವಾಗಿ ಸ್ವಲ್ಪವೇ ಹೊತ್ತಾಗಿತ್ತು. ಮೈದಾನದ ನಡುವೆ ನಿಂತಿದ್ದ ಕೋಚ್ ಮಾತು ಅರ್ಧಕ್ಕೇ ಬಿಟ್ಟರು. ಕತ್ತು ಪೂರ್ತಿ ಎಡಕ್ಕೆ ಹೊರಳಿತು. ಆ ಕಡೆಯ ಗೋಡೆಯಲ್ಲಿ ಎಮರ್ಜೆನ್ಸಿ ಬಾಗಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಕೇಳಿಸಿದ್ದೆಲ್ಲ ಗಾಳಿಯಂತ್ರದ ಮೊರೆತ ಒಂದೇ.

"ಹೊರಗೆ" ಅಂದರು. ಸಣ್ಣ ದನಿ. "ಎಲ್ಲರೂ ಹೊರಗೆ. ಆ ಬಾಗಿಲಿಂದ. ಈಗ."

ನಾವು ಮುಖ ಮುಖ ನೋಡಿಕೊಂಡೆವು. "ಈಗರ ಬಂದೇವಿ, ಈ ಚಳಿಯಾಗ ಎಲ್ಲಿ ಹೊರಗ ಹೋಗೂದು?" ಅಂತ ಗೊಣಗುತ್ತಾ ಗೆಳತಿ ಗೋಲಿನ ಬಳಿಯೇ ನಿಂತಳು. ಅವರು ಹೋಗಿ ಅವಳ ತೋಳು ಹಿಡಿದು ಎಳೆದುಕೊಂಡು ಬಂದರು. ಹೆಂಗಸರ ಮೈ ಮುಟ್ಟದ ಮನುಷ್ಯ ಅವತ್ತು ನನ್ನ ಬೆನ್ನಿಗೂ ಕೈಯಿಟ್ಟು ದೂಡಿದರು. ಬಾಗಿಲು ತೆರೆದದ್ದೇ ಒಳಗಿನ ಗಾಳಿ ನಮ್ಮನ್ನು ಹೊರಗೆ ಉಗುಳಿತು. ಆಟದ ಶೂಸಿನಲ್ಲಿ, ತೆಳು ಅಂಗಿಯಲ್ಲಿ, ಹಿಮದ ಮೇಲೆ ಬಿದ್ದೆವು. ತಿರುಗಿ ನೋಡಿದರೆ ಅವರಿನ್ನೂ ಒಳಗೇ ಇದ್ದರು. ಹಿಂದಿನಿಂದ ಬರುವವರಿಗೆ ಬಾಗಿಲು ಬಡಿಯದಂತೆ ಭುಜ ಕೊಟ್ಟು ತಡೆದು ನಿಂತಿದ್ದರು.

ಎಲ್ಲರೂ ಬಂದ ಮೇಲೆ ಅವರೂ ಬಂದರು. ಬಯ್ಯೋಣ ಅಂತ ಯಾರೋ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಡೋಮಿನ ನೆತ್ತಿ ಕುಸಿಯಿತು. ನೆನೆದ ಹಿಮದ ಭಾರಕ್ಕೆ ಬಟ್ಟೆ ಹರಿದು, ದೀಪದ ಕಂಬಿಗಳ ಸಮೇತ ಮೈದಾನದ ನಡುವಿಗೇ ಇಳಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಒಂದು ದೀರ್ಘ ಉಸಿರು ಬಿಟ್ಟಂತೆ, ಅಷ್ಟೇ.

ಮುಂದಿನ ವಾರ ಅವರು ಸ್ಟೌಫ್‌ವಿಲ್‌ನ ನಮ್ಮ ಮನೆಗೆ ಬಂದರು. ಡೋಮಿನ ಪಕ್ಕದ ಕೋಣೆಯಲ್ಲಿ ನಾನು ಬಿಟ್ಟುಬಂದಿದ್ದ ಓಡಾಟದ ಶೂಸು ಕೊಡಲು. ಗೆಳತಿಯೂ ಇದ್ದಳು. ಉಪ್ಪಿಟ್ಟು ಕೊಟ್ಟೆ. ತಟ್ಟೆ ಖಾಲಿ ಮಾಡಿ, ಕೇಳದೆಯೇ ಹೇಳಿದರು.

ಅವರದೇ ಬೀದಿಯ ಹುಡುಗನೊಬ್ಬನಿದ್ದನಂತೆ. ಇವರು ಫಾರ್ವರ್ಡ್, ಅವನು ಎಡಗಡೆಯ ವಿಂಗು. ಒಂದೇ ಕ್ಲಬ್ಬಿಗೆ ಒಟ್ಟಿಗೆ ಸೇರಿದರು. ಇಬ್ಬರಿಗೂ ಇಪ್ಪತ್ತೆರಡಿದ್ದಾಗ, ಬೇಸಿಗೆಯಲ್ಲಿ, ಅವನು ಸಮುದ್ರಕ್ಕೆ ಈಜಲು ಇಳಿದ. ಹೆಣ ಸಿಗಲಿಲ್ಲ.

"ಮುಂದಿನ ಸೀಸನ್ನಿನ ಮೊದಲ ಮ್ಯಾಚು. ಎಡಗಡೆಗೆ ಹೊಸ ಹುಡುಗ, ನಮ್ಮ ಭಾಷೆ ಬಾರದವನು. ಅವನು ಚೆಂಡು ಮುಟ್ಟುವ ಮೊದಲೇ ಆ ಕಡೆಯಿಂದ 'ಯಾ' ಅಂತ ಕೇಳಿತು. ನಮ್ಮಲ್ಲಿ ಯಾ ಅಂದರೆ 'ಈಗ'. ಓಡಿದೆ. ಚೆಂಡು ಸರಿಯಾಗಿ ಅಲ್ಲಿಗೇ ಬಂತು. ಆ ವರ್ಷ ನಾನು ಮುಟ್ಟಿದ್ದೆಲ್ಲ ಗೋಲು. ಹುಡುಗ ಮಾಗಿದ ಅಂತ ಪೇಪರಿನವರು ಬರೆದರು. ನನಗೆ ರಾತ್ರಿ ನಿದ್ದೆಯಿರಲಿಲ್ಲ."

ಮೊದಲನೇ ಡಿವಿಷನ್ನಿನ ಕ್ಲಬ್ಬು ಅವರನ್ನು ಕರೆಸಿಕೊಂಡಿತು. ತುಂಬಿದ ದೊಡ್ಡ ಮೈದಾನದ ಗದ್ದಲದಲ್ಲೂ ಆ ದನಿ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತಂತೆ. ಒಂದು ದಿನ ಇವರಿಗೆ ರೋಸಿಹೋಯಿತು. ಇವತ್ತು ಅವನು ಬೇಡ, ನಾನೇ ಆಡುತ್ತೇನೆ ಅಂದುಕೊಂಡರು. ಕರೆ ಬಂದಾಗ ಕಾಲು ಕಿತ್ತಿಡಲಿಲ್ಲ. ಚೆಂಡು ಆ ಖಾಲಿ ಜಾಗದಲ್ಲಿ ಬಿದ್ದು, ಪುಟಿದು, ಹೊರಗೆ ಹೋಯಿತು.

"ಎಡಗಡೆ ನೋಡಿದೆ. ಬಿಸಿಲು ಸುಡುತ್ತಿತ್ತು. ಗೆರೆಯ ಹತ್ತಿರ ಒಂದಿಷ್ಟು ಹುಲ್ಲು ಮಾತ್ರ ತೊಯ್ದು ತೊಪ್ಪೆಯಾಗಿತ್ತು."

ದನಿ ನಿಂತಿತು. ಅದರ ಜೊತೆಗೆ ಗೋಲುಗಳೂ ನಿಂತವು. ಆ ಕ್ಲಬ್ಬು ಅವರನ್ನು ಕೈಬಿಟ್ಟಿತು, ಮತ್ತೆ ಸಣ್ಣ ಕ್ಲಬ್ಬುಗಳು, ಗ್ರೀಸ್ ದೇಶದಲ್ಲಿ ಸ್ವಲ್ಪ ಕಾಲ, ಆಮೇಲೆ ಇಲ್ಲಿ. "ಎಲ್ಲಿ ಹೋದರೂ ಕಾದೆ. ಮತ್ತೆ ಕರೆಯಲೇ ಇಲ್ಲ. ಡೋಮಿನಲ್ಲಿ ಕರೆದ" ಅಂದರು. ಜೇಬಿನಿಂದ ಬೀಜ ತೆಗೆದರು, ತಿನ್ನಲಿಲ್ಲ. "ಈ ಸಲ ಹೋದೆ."

ಅವರು ಬಾಗಿಲು ದಾಟಿ ಹೋಗುವಾಗ ಗಮನಿಸಿದೆ. ಕತ್ತು ನೆಟ್ಟಗಿತ್ತು.

ಆ ಬೇಸಿಗೆಯಲ್ಲೇ ತೀರಿಕೊಂಡರು. ಒಶಾವಾದಲ್ಲಿ ಯಾವುದೋ ಮಕ್ಕಳ ಮ್ಯಾಚು ನೋಡಲು ಹೋಗಿ ಹುಲ್ಲಿನ ಮೇಲೆ ಕೂತಿದ್ದರಂತೆ. ಆಟ ಮುಗಿದು ಜನ ಚದುರಿದರೂ ಏಳಲಿಲ್ಲ. ಹೃದಯ ನಿಂತಿತ್ತು.

ಸ್ಪೇನಿನಿಂದ ಅವರ ತಂಗಿ ಬಂದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅಣ್ಣನ ಬೇಸ್‌ಮೆಂಟು ಮನೆ ಖಾಲಿ ಮಾಡಲು ನಾನೂ ಗೆಳತಿಯೂ ಹೋದೆವು. ಸಮಾಧಾನದ ಮಾತು ಅಂದುಕೊಂಡು ನಾನೇ ಹೇಳಿದೆ, "ನಿಮ್ಮಣ್ಣ ಆ ಗೆಳೆಯನನ್ನ ಕೊನೇವರೆಗೂ ಮರೆತಿರಲಿಲ್ಲ. ಅವನು ಎಡಗಡೆಯಿಂದ 'ಯಾ' ಅಂತ ಕೂಗುತ್ತಿದ್ದದ್ದನ್ನ ನಮಗೂ ಹೇಳಿದ್ರು."

ಮಡಚುತ್ತಿದ್ದ ಅಂಗಿಯನ್ನು ಆಕೆ ಹಾಗೇ ಹಿಡಿದುಕೊಂಡರು. "ಅವನಾ? ಅವನು ಹುಟ್ಟಾ ಮೂಗ" ಅಂದರು. "ಒಂದು ದಿನ ದನಿ ಹೊರಡಿಸಿದವನಲ್ಲ. ಕೈ ಎತ್ತುತ್ತಿದ್ದ, ಅಷ್ಟೇ."

ವಾಪಸು ಬರುವಾಗ ಹೈವೇ ತಲುಪಿದ ಮೇಲೆ ಗೆಳತಿ, "ಹಂಗಾದ್ರ ಕರದಾವ್ರು ಯಾರಕ್ಕಾ?" ಅಂದಳು. ನನ್ನ ಎಡಗಡೆಯ ಕಿಟಕಿಯ ಕಡೆ ನೋಡದೆ, ದಾರಿಯ ಮೇಲೆ ಕಣ್ಣಿಟ್ಟು ಓಡಿಸಿದೆ.

ಅದು ಯಾರ ದನಿಯೋ, ಎಲ್ಲಿಂದ ಬಂತೋ, ನನಗೆ ಇವತ್ತಿಗೂ ತಿಳಿಯದು. ಯೋಚಿಸಿದರೆ ಹಗಲಲ್ಲೇ ಮೈ ಜುಮ್ಮೆನ್ನುತ್ತದೆ. ನನ್ನ ಬೆನ್ನ ಮೇಲೆ ಬಿದ್ದ ಕೈ ಯಾರದೆಂದು ಮಾತ್ರ ತಿಳಿದಿದೆ. ಡೋಮ್ ಕುಸಿದ ಆ ಭಾನುವಾರ ನಡುಗುತ್ತಾ ಮನೆಗೆ ಬಂದಾಗ ಮಗಳು ಹಸಿವು ಅಂದಳು. ಒದ್ದೆ ಸಾಕ್ಸು ಬಿಚ್ಚುವುದನ್ನೂ ಮರೆತು, ಅನ್ನ ಕಲೆಸಿ, ತಟ್ಟೆ ಅವಳ ಮುಂದಿಟ್ಟೆ. ಅವಳು ತಿನ್ನುವುದನ್ನು ನೋಡುತ್ತಾ ಅಲ್ಲೇ ನಿಂತಿದ್ದೆ.