ಇನ್ನೂ ಭಾರ

ಗ್ರಾಮಫೋನ್ ಸೂಜಿ ತಯಾರಿಸುವ ನಮ್ಮ ಸೂಜಿಮಾವ ಸುರುಳಿ ಸುತ್ತಲು ಕೂತರೆ ಮನೆಯವರೆಲ್ಲ ಸೀನನ್ನೂ ತಡೆದುಕೊಳ್ಳಬೇಕು. ರೆಕಾರ್ಡಿನ ಗೆರೆಯಲ್ಲಿ ಸೂಜಿ ಅಲುಗಿದಾಗ ಜೊತೆಗೇ ಅಲುಗಿ, ಆಯಸ್ಕಾಂತಗಳ ನಡುವೆ ಹಾಡು ಹುಟ್ಟಿಸುವ ಸುರುಳಿ ಅದು, ಎಳ್ಳುಕಾಳಿಗಿಂತ ಚಿಕ್ಕದು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಮಾವ ಭೂತಗನ್ನಡಿಯ ಕೆಳಗೆ, ಉಸಿರು ಬಿಗಿಹಿಡಿದು, ಇಪ್ಪತ್ತು ಸುತ್ತು ಸುತ್ತುತ್ತಾರೆ. ಆ ಕೋಣೆಯ ಫ್ಯಾನಿಗೆ ರೆಕ್ಕೆಗಳೇ ಇಲ್ಲ, ಬಿಚ್ಚಿಟ್ಟಿದ್ದಾರೆ. ಅವರ ಸೂಜಿಯಲ್ಲಿ ಹಾಡು ಕೇಳಿದವರು ಬಾಯಿ ಬಿಟ್ಟು ಕೂತಿದ್ದರೂ ಇವರದು ಒಂದೇ ಮಾತು, “ಇನ್ನೂ ಭಾರ ಕಣೋ.” ಆ ಸುರುಳಿ ನನಗೆ ಧೂಳಿನ ಕಣ, ಅವರಿಗೆ ಬಂಡೆ. ಯಾಕಿಷ್ಟು ಹಟ ಅಂತ ಅತ್ತೆಯನ್ನೇ ಕೇಳಿದೆ. ಗಂಟಲಿನ ಆಪರೇಷನ್ ಆದಮೇಲೆ ಅತ್ತೆಗೆ ಪಿಸುಮಾತಷ್ಟೇ ಉಳಿದಿದೆ. ಬೀರುವಿನಿಂದ ಒಂದು ಸವೆದ ರೆಕಾರ್ಡ್ ತೆಗೆದು ತೋರಿಸಿದರು: ಹದಿನೆಂಟನೇ ವಯಸ್ಸಿನಲ್ಲಿ ಅವರು ಹಾಡಿದ್ದು, ಇರುವುದು ಅದೊಂದೇ ಪ್ರತಿ. ಭಾರದ ಸೂಜಿ ಇಟ್ಟರೆ ಇನ್ನಷ್ಟು ಸವೆಯುತ್ತದೆಂದು ಮಾವ ಹನ್ನೊಂದು ವರ್ಷದಿಂದ ಅದನ್ನು ಹಾಕಿಯೇ ಇಲ್ಲ. “ಅದು ಸವೀಬಾರ್ದು ಅಂತ ಕೂತ್ರೆ ನಾವೇ ಸವೆದುಹೋಗ್ತೀವಲ್ರೀ,” ಎಂದು ಅತ್ತೆ ಕೋಣೆಯತ್ತ ಪಿಸುಗುಟ್ಟಿದರು. ಮಾವ ತಲೆ ಎತ್ತಲಿಲ್ಲ. “ತಡಿಯೇ, ಇನ್ನೆರಡು ಸುತ್ತು ಕಮ್ಮಿ ಮಾಡ್ತೀನಿ,” ಅಂದವರೇ ಮತ್ತೆ ಉಸಿರು ಹಿಡಿದರು. ಅತ್ತೆ ನನ್ನ ಕಡೆ ನೋಡಿ ನಕ್ಕು, ತಾವೂ ಹಿಡಿದರು.