ದುರ್ಬೀನಿನ ಸಡಿಲ ತಿರುಪು

ಗಂಗಾವತಿಯ ಮುಚ್ಚಿದ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ನಮ್ಮ ಏರ್‌ಗನ್ ಕ್ಲಬ್ಬು ನಡೆಯುತ್ತಿತ್ತು. ಅಲ್ಲಿಗೆ ಬರುತ್ತಿದ್ದ ಪಿ.ಟಿ. ಟೀಚರ್ ಎತ್ತರವಿದ್ದರು ಎಂದು ನೆನಪು. ಬಹುಶಃ ಬಂದೂಕು ಹಿಡಿದಾಗ ಮಾತ್ರ. ಬಂದೂಕಿನ ಮೇಲೆ ಕೂರಿಸಲು ಕ್ಲಬ್ಬಿಗೆ ಇದ್ದದ್ದು ಒಂದೇ ದುರ್ಬೀನು. ಗುರಿಯನ್ನು ಎಡಬಲಕ್ಕೆ ಸರಿಸುವ ಅದರ ತಿರುಪು ಸಡಿಲವಾಗಿತ್ತು. ಹಿಂದಕ್ಕೆ ತಿರುಗಿಸಿದರೆ ಟಕಟಕ ಸದ್ದು ಬರುತ್ತಿತ್ತು, ಒಳಗಿನ ಗುರಿಗೆರೆ ತಕ್ಷಣ ಕದಲುತ್ತಿರಲಿಲ್ಲ. ನಾವೆಲ್ಲ ಬೈಯುತ್ತಿದ್ದೆವು. ಟೀಚರ್ ಮಾತ್ರ ತಿರುಪನ್ನು ಬೇಕಾದ ಜಾಗದಿಂದ ಆಚೆಗೆ ಒಯ್ದು, ಪ್ರತಿಸಲ ಒಂದೇ ಕಡೆಯಿಂದ ಮರಳಿ ತರುತ್ತಿದ್ದರು. "ದಾಟಿ ಹೋಗಿ ಬರಬೇಕ್ರಿ," ಎನ್ನುವರು.

ಕೊಪ್ಪಳದ ಬಯಲಿನಲ್ಲಿ ಆಯ್ಕೆ ಸ್ಪರ್ಧೆ; ನಮ್ಮ ಕ್ಲಬ್ಬಿನಿಂದ ಟೀಚರ್ ನಿಂತಿದ್ದರು. ರಾಜ್ಯಮಟ್ಟಕ್ಕೆ ಒಬ್ಬರಿಗಷ್ಟೇ ಅವಕಾಶ. ಕೊನೆಯ ಗುಂಡಿಗೆ ಮುಂಚೆ ಗಾಳಿ ದಿಕ್ಕು ಬದಲಿಸಿತು. ಟೀಚರ್ ತಿರುಪಿಗೆ ಕೈಹಾಕಿದರು.

"ಟೀಚರ್, ರೇಡಿಯೋ ಹಚ್ಚಾಕತ್ತೀರೇನ್ರಿ?" ಎಂದು ಕುಷ್ಟಗಿಯ ಎದುರಾಳಿ ನಕ್ಕಳು.

"ಟೈಮ್ ಆತ್ರಿ, ಹಂಗ ಹೊಡೀರಿ," ಎಂದೆ ನಾನು.

"ಸುಮ್ನಿರ್ರಿ. ಗೆರೆ ಇನ್ನೂ ಬಂದಿಲ್ಲ."

ನಿಧಾನವಾಗಿ ಮರಳಿ ತಂದು ಹೊಡೆದರು. ಗುಂಡು ನಟ್ಟನಡುವೆ ಬಿತ್ತು. ನನ್ನ ನೆನಪಿನಲ್ಲಿ ಸಮಯ ಮುಗಿದ ಗಂಟೆ ಆಮೇಲೆ ಕೇಳಿಸುತ್ತದೆ. ಆ ನೆನಪು ಟೀಚರ್ ಪಕ್ಷದ್ದು, ನಂಬುವಂತಿಲ್ಲ. ಗಂಟೆಯೇ ಮೊದಲು ಎಂದರು ತೀರ್ಪುಗಾರರು. ಆ ಗುಂಡು ಲೆಕ್ಕಕ್ಕೆ ಬರಲಿಲ್ಲ. ಕುಷ್ಟಗಿಯವಳು ಆಯ್ಕೆಯಾದಳು.

ಟೀಚರ್ ಗುರಿಹಲಗೆಯ ತನಕ ನಡೆದು ಹೋಗಿ, ತೂತಿನ ಮೇಲೆ ಬೆರಳಾಡಿಸಿದರು.

"ಬ್ಯಾರೆ ದುರ್ಬೀನು ತರಸೋಣೇನ್ರಿ?" ಎಂದೆ.

"ಯಾಕ್ರಿ? ಇದು ಛಲೋ ಐತಿ. ಮುಂದಿನ ಸಲ ಲಗೂನ ತಿರುಗಿಸ್ತೀನಿ."