ಮಾರ್ಜಿನ್ ಇಲ್ಲದ ಫ್ರಾಕು

ಕಾಲರ್ ಚಾಚಾ ಕತ್ತರಿ ಕೆಳಗೆ ಬೀಳಿಸಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ರಂಜಾನಿನ ಮಧ್ಯಾಹ್ನ, ನಾಲಿಗೆ ಒಣಗಿ ಹೊಟ್ಟೆ ಬೆನ್ನಿಗಂಟಿದಾಗಲೂ ಅವರ ಕೈ ಅಲುಗಿದ್ದಿಲ್ಲ. ಅಂಥ ಕತ್ತರಿ ಆವತ್ತು ಠಣ್ ಎಂದು ಸಿಮೆಂಟು ನೆಲಕ್ಕೆ ಬಿತ್ತು. ಎದುರಿನ ಸೈಕಲ್ ರಿಪೇರಿಯವನು ಕೂತಲ್ಲಿಂದಲೇ ಕೂಗಿದ, "ಏನಾಯ್ತು ಚಾಚಾ? ತಲೆ ಸುತ್ತು ಬಂತಾ?"

ಚಾಚಾ ಕತ್ತರಿ ಎತ್ತಲು ಬಗ್ಗಲೂ ಇಲ್ಲ. ಅವರ ಕೈಯಲ್ಲಿ ಒಂದು ಹಳೇ ಫ್ರಾಕು ಇತ್ತು. ಅದನ್ನೇ ನೋಡುತ್ತಾ ಬೆಪ್ಪಾಗಿ ನಿಂತುಬಿಟ್ಟಿದ್ದರು.

ಹೇಳಿಕೇಳಿ ದರ್ಜಿ. ಹಳೇ ಫ್ರಾಕು ಕಂಡು ಬೆಚ್ಚಿಬೀಳುವಂಥದ್ದೇನು ಎಂದು ನೀವು ಕೇಳಬಹುದು. ಅದಕ್ಕೆ ಈ ಮನುಷ್ಯ ದಾನ ಕೊಡುವ ರೀತಿ ಗೊತ್ತಿರಬೇಕು. ಚಾಚಾ ಹೊಲಿದ ಅಂಗಿಯ ಕಾಲರು ಬಟ್ಟೆ ಹರಿದರೂ ಮುದುರುತ್ತಿರಲಿಲ್ಲ, ಹಾಗಾಗಿ ಆ ಹೆಸರು. ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಅಂಗಡಿಯ ಬಾಬ್ತಿಗೆ ಬಡವರ ಪಾಲೆಂದು ವರ್ಷವರ್ಷ ಕೊಡಬೇಕಾದ ಜಕಾತನ್ನು ಅವರು ನೋಟಿನಲ್ಲಿ ಕೊಡದೆ ಬಟ್ಟೆಯಲ್ಲಿ ಕೊಡುತ್ತಿದ್ದರು. ರಂಜಾನ್ ಶುರುವಾಗುವ ಮುಂಚೆಯೇ ಮಸೀದಿಯಲ್ಲಿ ಬಾಂಗು ಕೊಡುವ ಬಾಂಗಿ ಸಾಹೇಬರು ಒಂದು ಚೀಲ ತಂದಿಡುತ್ತಿದ್ದರು. ಅದರ ತುಂಬ ಊರಿನ ನಾಲ್ಕು ಮೂಲೆಯ ಬಡವರ ಮಕ್ಕಳ ಅಳತೆ ಬಟ್ಟೆಗಳು. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿರುತ್ತಿತ್ತು. ಯಾವ ಬಣ್ಣ ಯಾವ ಮನೆಯದು ಅನ್ನುವುದು ಬಾಂಗಿ ಸಾಹೇಬರ ತಲೆಯೊಳಗೆ ಮಾತ್ರ. ಹೊಲಿದದ್ದು ಯಾರೆಂದು ಆ ಮನೆಯವರಿಗೂ ಗೊತ್ತಿಲ್ಲ, ತೊಟ್ಟವರು ಯಾರೆಂದು ಚಾಚಾಗೂ ಗೊತ್ತಿಲ್ಲ. ಹೀಗೇ ಆಗಬೇಕೆಂದು ಹಟ ಹಿಡಿದವರೂ ಚಾಚಾನೇ.

"ತಗೊಳ್ಳೋನು ನನ್ನ ಎದುರು ತಲೆ ತಗ್ಗಿಸಬಾರದು. ಜಕಾತು ನಾವು ಕೊಡೋ ಭಿಕ್ಷೆ ಅಲ್ಲ, ಅವರ ಹಕ್ಕು," ಎಂದು ಹೇಳುತ್ತಿದ್ದರು. ದೊಡ್ಡ ಮಾತು. ಒಪ್ಪೋಣ.

ಆವತ್ತು ಮಧ್ಯಾಹ್ನ ಚೀಲ ಬಿಚ್ಚಿ ಒಂದೊಂದೇ ಅಳತೆ ತೆಗೆಯುತ್ತಿದ್ದರು. ಕೇಸರಿ ದಾರದ ಫ್ರಾಕು ಕೈಗೆ ಬಂತು. ಕಾಲರು ನೋಡಿದ್ದೇ ತಡ, "ಅರೆ, ಇದು ನಂದೇ!" ಎಂದು ಒಬ್ಬರೇ ನಕ್ಕರು. ಹೋದ ವರ್ಷ ಜಕಾತಿನ ಚೀಲದಲ್ಲಿ ಕಳಿಸಿದ ಹಳದಿ ಫ್ರಾಕು. ಆ ಮಗು ವರ್ಷವಿಡೀ ಅದನ್ನೇ ತೊಟ್ಟಿರಬೇಕು, ಬಣ್ಣವೆಲ್ಲ ಬಿಳಿಚಿಕೊಂಡಿತ್ತು. ಆದರೆ ಎರಡು ಬಗಲಿನಲ್ಲೂ ಉದ್ದಕ್ಕೆ ಬೇರೆ ಬಟ್ಟೆಯ ಪಟ್ಟಿ ಸೇರಿಸಿದ್ದರು. ಯಾಕಪ್ಪಾ ಹೀಗೆ ತೇಪೆ ಹಾಕಿದ್ದಾರೆ, ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಾರದಿತ್ತೇ ಎಂದು ಒಳಮಗ್ಗುಲು ತಿರುಗಿಸಿದರು.

ಬಿಚ್ಚಲು ಒಳಗೆ ಏನೂ ಇರಲಿಲ್ಲ. ಇದು ಚಾಚಾಗೆ ಗೊತ್ತಿದ್ದದ್ದೇ, ಮರೆತಿದ್ದರು. ಮಕ್ಕಳ ಬಟ್ಟೆಗೆ ಒಳ್ಳೆಯ ದರ್ಜಿ ಎರಡು ಬೆರಳು ಮಾರ್ಜಿನ್ ಬಿಡುತ್ತಾನೆ. ಮಗು ಬೆಳೆದ ಹಾಗೆ ಬಿಚ್ಚಿ ಬಿಚ್ಚಿ ಹಾಕಿಕೊಳ್ಳಲಿ ಎಂದು ಒಳಗೆ ಮಡಿಸಿಡುವ ಬಟ್ಟೆ ಅದು. ಗಿರಾಕಿಗಳ ಮಕ್ಕಳಿಗೆ ಚಾಚಾ ಧಾರಾಳವಾಗಿ ಬಿಡುತ್ತಿದ್ದರು. ಜಕಾತಿನ ಚೀಲಕ್ಕೆ ಮಾತ್ರ ಬಿಡುತ್ತಿರಲಿಲ್ಲ. ಮಾರ್ಜಿನ್ ಬಿಡದಿದ್ದರೆ ಅದೇ ಒಂದು ತಾನು ಬಟ್ಟೆಯಲ್ಲಿ ಇನ್ನೊಂದಿಷ್ಟು ಮಕ್ಕಳಿಗೆ ಬಟ್ಟೆಯಾಗುತ್ತದೆ, ಅಷ್ಟು ಹೆಚ್ಚು ಪುಣ್ಯ, ಅದರಲ್ಲೂ ರಂಜಾನಿನಲ್ಲಿ ಕೊಟ್ಟದ್ದಕ್ಕೆ ಎಷ್ಟೋ ಪಟ್ಟು ಪ್ರತಿಫಲ. ಹೀಗಿತ್ತು ಅವರ ಲೆಕ್ಕಾಚಾರ. ದೇವರ ಹತ್ತಿರವೂ ಕಟಿಂಗ್ ಟೇಬಲ್ಲಿನ ಜಾಣತನ!

ಆಮೇಲೆ ಆ ಪಟ್ಟಿಯ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಪಾರಿವಾಳದ ಕತ್ತಿನ ಬಣ್ಣದ ರೇಷ್ಮೆ. ಅದರ ಮೇಲೆ ಸಾಸಿವೆಯಷ್ಟು ಬೆಳ್ಳಿ ಚುಕ್ಕೆ.

ಕತ್ತರಿ ಬಿದ್ದದ್ದು ಆಗ.

ಆ ರೇಷ್ಮೆಗಾಗಿ ಅವರು ಅಂಗಡಿ ಅಂಗಡಿ ಅಲೆದಿದ್ದರು. ಒಬ್ಬಳೇ ಮಗಳು, ತಾಯಿಯಿಲ್ಲದ ಕೂಸು, ಮಿಷನ್ನಿನ ಕೆಳಗೆ ಕೂತು ಬಿದ್ದ ಗುಂಡುಪಿನ್ನು ಹೆಕ್ಕುತ್ತಾ ಬೆಳೆದವಳು. ಅವಳ ಮದುವೆಯ ಉಡುಪನ್ನು ಬೇರೆ ಯಾರ ಕೈಗೂ ಕೊಡದೆ ತಾವೇ ಹೊಲಿದಿದ್ದರು. ಈಗ ಅದೇ ರೇಷ್ಮೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಂಡು ಬಡವರ ಮಗುವಿನ ಬಗಲಿಗೆ ಬಂದಿದೆ. ಹೊಲಿಗೆ ನೋಡಿದರು. ಒಂದು ಗಿಡ್ಡ, ಒಂದು ಉದ್ದ, ಮತ್ತೆ ಒಂದು ಗಿಡ್ಡ. "ಎಮ್ಮೆ ನಡೆದ ಹಾಗೆ ಹೊಲೀತೀಯಲ್ಲೇ," ಎಂದು ಎಷ್ಟು ಸಲ ಬೈದಿದ್ದರೋ! ತಮ್ಮ ಮಗಳ ಕೈಹೊಲಿಗೆಯನ್ನು ಅವರು ಕತ್ತಲಲ್ಲಿ ಸವರಿದರೂ ಗುರುತು ಹಿಡಿಯುತ್ತಿದ್ದರು.

"ಇಲ್ಲ, ಇಲ್ಲ, ಇಲ್ಲ," ಎಂದರು ಚಾಚಾ, ಜೋರಾಗಿಯೇ. ಹಳೇ ಉಡುಪನ್ನು ಮಗಳು ಯಾರಿಗೋ ದಾನ ಕೊಟ್ಟಿರಬೇಕು ಎಂದುಕೊಂಡರು. ಕೊಟ್ಟಳು ಅಂತಲೇ ಇಟ್ಟುಕೊಳ್ಳೋಣ, ಹೊಲಿಗೆಯನ್ನೂ ಕೊಟ್ಟಳೇ? ಕೂತುಬಿಟ್ಟರು. ಅಳಿಯನಿಗೆ ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ ಇದೆ, ಮನೆ ಇದೆ, ಮಗಳು ಬಂದಾಗಲೆಲ್ಲ ನಗುನಗುತ್ತಾ ಇರುತ್ತಾಳೆ. ಊರಿಗೆಲ್ಲ ಬಟ್ಟೆ ಹೊಲಿದು ಕೊಡುವ ಮನುಷ್ಯನ ಮೊಮ್ಮಗಳು ಜಕಾತಿನ ಫ್ರಾಕು ತೊಟ್ಟು ಓಡಾಡುತ್ತಿದ್ದಾಳೆ ಅಂದರೆ ನಂಬುವುದು ಹೇಗೆ?

ಆ ಫ್ರಾಕನ್ನು ಕಂಕುಳಲ್ಲಿ ಅವುಚಿಕೊಂಡು ನೇರ ಮಸೀದಿಗೆ ಹೋದರು. ಬಾಂಗಿ ಸಾಹೇಬರು ಚಾಪೆ ಕೊಡವುತ್ತಿದ್ದರು.

"ಕೇಸರಿ ದಾರ ಯಾರ ಮನೇದು?"

"ಒಳ್ಳೇ ಪ್ರಶ್ನೆ ಕೇಳಿದ್ರಿ! ಹೇಳಬೇಡ ಅಂತ ನನ್ನ ಹತ್ತಿರ ಆಣೆ ಹಾಕಿಸ್ಕೊಂಡಿದ್ದು ಯಾರು?"

ಚಾಚಾ ಉಗುಳು ನುಂಗಲು ನೋಡಿದರು. ಉಗುಳಿರಲಿಲ್ಲ. "ಹೋಗ್ಲಿ, ಇದನ್ನಾದ್ರೂ ಹೇಳಿ. ಒಬ್ಬ ಮನುಷ್ಯ ಗೊತ್ತಿಲ್ಲದೆ ತನ್ನ ಸ್ವಂತ ಮಗಳಿಗೇ ಜಕಾತು ಕೊಟ್ಟುಬಿಟ್ಟಿದ್ರೆ?"

"ಸ್ವಂತ ಮಗಳಿಗೆ ಜಕಾತು ಸಲ್ಲಲ್ಲ. ತಂದೆ ತಾಯಿಗೆ, ಮಕ್ಕಳು ಮೊಮ್ಮಕ್ಕಳಿಗೆ ಯಾರಿಗೂ ಸಲ್ಲಲ್ಲ. ಅವರನ್ನ ನೋಡ್ಕೊಳ್ಳೋದು ಹೇಗೂ ಅವನ ಮೇಲಿರೋ ಹೊಣೆ. ತನ್ನ ಹೊಣೆನ ಜಕಾತಿನ ಲೆಕ್ಕದಲ್ಲಿ ತೀರಿಸೋಕಾಗುತ್ತಾ?" ಬಾಂಗಿ ಸಾಹೇಬರು ಚಾಪೆ ಕೆಳಗಿಟ್ಟರು. "ನಿಜವಾಗ್ಲೂ ಗೊತ್ತಿಲ್ಲದೆ ಕೊಟ್ಟಿದ್ರೆ ಅದು ಸಂದ ಹಾಗೇ. ಗೊತ್ತಾದ ಮೇಲೆ ಕೊಟ್ರೆ ಸಲ್ಲಲ್ಲ. ಆದ್ರೆ ಚಾಚಾ, ಮಗಳು ಆ ಸ್ಥಿತೀಲಿ ಇದಾಳೆ ಅಂತ ಅಪ್ಪನಿಗೆ ಗೊತ್ತೇ ಇಲ್ಲ ಅಂದ್ರೆ, ಅವನು ಎಂಥಾ ಅಪ್ಪ?"

ಪಾಪ, ಕೇಸರಿ ದಾರದ ಮನೆಯವಳು ಯಾರ ಮಗಳೆಂದು ಅವರಿಗೆ ತಿಳಿಯದು, ಸುಮ್ಮನೆ ಮಾತಿಗೆ ಕೇಳಿದ್ದು. ಚಾಚಾಗೆ ಮಾತ್ರ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಬಾಂಗಿ ಸಾಹೇಬರ ಮುಖ ನೋಡಲಾಗದೆ ಚಪ್ಪಲಿ ಮೆಟ್ಟಿ ಹೊರಟರು.

ದಾರಿಯುದ್ದಕ್ಕೂ ಒಂದೇ ಯೋಚನೆ. ಫ್ರಾಕನ್ನು ಬೇರೆ ತೆಗೆದಿಟ್ಟು, ಜಕಾತಿಗೆ ಸೇರಿಸದೆ, ಒಳ್ಳೇ ಬಟ್ಟೆಯಲ್ಲಿ ಹೊಸದು ಹೊಲಿದು, ಅದೇ ಚೀಲದಲ್ಲಿ ಸದ್ದಿಲ್ಲದೆ ಕಳಿಸಿಬಿಟ್ಟರೆ ಆಗದೇ? ಮಗಳ ಮಾನವೂ ಉಳಿಯುತ್ತದೆ, ತಮ್ಮದೂ. ಬುದ್ಧಿ ಇದ್ದವರು ಹಾಗೇ ಮಾಡುತ್ತಿದ್ದರೇನೋ. ಆದರೆ ಎದೆಯೊಳಗೆ ಇಷ್ಟು ದೊಡ್ಡ ಬಂಡೆ ಬಿದ್ದಿರುವಾಗ ಬುದ್ಧಿಯ ಮಾತನ್ನು ಕಾಲು ಕೇಳುವುದಿಲ್ಲ. ಕಾಲು ಬಸ್ ನಿಲ್ದಾಣದ ದಾರಿ ಹಿಡಿದಿತ್ತು.

ಅವರು ಈ ಕಡೆ ಬಂದು ಎರಡು ವರ್ಷದ ಮೇಲಾಗಿತ್ತು, ಯಾವಾಗಲೂ ಮಗಳೇ ಬಂದುಹೋಗುತ್ತಿದ್ದಳು. ಅಳಿಯನ ಅಂಗಡಿ ಇದ್ದ ಕಡೆ ಈಗ ಯಾರೋ ಮೊಬೈಲ್ ಕವರು ಮಾರುತ್ತಿದ್ದರು. ಚಾಚಾ ಅಲ್ಲಿ ನಿಲ್ಲದೆ ಹಿಂದಿನ ಓಣಿಗೆ ತಿರುಗಿದರು.

ಬಾಗಿಲು ತೆರೆದ ಮಗಳು ಒಂದು ಕ್ಷಣ ಬೆದರಿ, ಮರುಕ್ಷಣವೇ ನಕ್ಕಳು. "ಅಬ್ಬಾ! ಹೇಳದೆ ಕೇಳದೆ? ಬನ್ನಿ ಬನ್ನಿ, ಸರಿಯಾಗಿ ಉಪವಾಸ ಬಿಡೋ ಹೊತ್ತಿಗೇ ಬಂದಿದ್ದೀರಿ." ಮೊಮ್ಮಗಳು "ತಾತ" ಎಂದು ಓಡಿ ಬಂದು ಕಾಲಿಗೆ ತೆಕ್ಕೆ ಬಿದ್ದಳು. ಚಾಚಾ ಅವಳ ಬೆನ್ನ ಮೇಲೆ ಕೈ ಇಟ್ಟರು. ಬೆರಳಿಗೆ ಮೂಳೆ ಸಿಕ್ಕಿತು. ಟೇಪು ಬೇಕಾಗಲಿಲ್ಲ, ಹಳದಿ ಫ್ರಾಕಿನ ಅಳತೆ ಇದೇ ಮೈಯದು.

ಗೋಡೆಯ ಮೇಲೆ ಮೊದಲು ಎಷ್ಟೊಂದು ಗಡಿಯಾರಗಳಿದ್ದವು. ಚಾಚಾ ಬಂದಾಗಲೆಲ್ಲ "ನಿಮ್ಮ ಮನೇಲಿ ಒಂದಕ್ಕೊಂದು ಟೈಮೇ ಹೊಂದಲ್ವಲ್ಲ," ಎಂದು ರೇಗಿಸುತ್ತಿದ್ದರು. ಈಗ ಒಂದೂ ಇರಲಿಲ್ಲ. ಸುಣ್ಣ ಮಾಸಿದ ಗೋಡೆಯಲ್ಲಿ ಗುಂಡಗೆ ಬೆಳ್ಳಗೆ ಗುರುತುಗಳು ಮಾತ್ರ ಉಳಿದಿದ್ದವು.

"ಗಡಿಯಾರ ಎಲ್ಲಿ?"

"ಒಟ್ಟಿಗೆ ರಿಪೇರಿಗೆ ತೆಗೆದಿದಾರೆ ಅಬ್ಬಾ. ಅವರು ಕೆಲಸಕ್ಕೆ ಹೋಗಿದಾರೆ, ಇನ್ನೇನು ಬರ್ತಾರೆ." ತಟ್ಟೆಯಲ್ಲಿ ಖರ್ಜೂರ ಜೋಡಿಸುತ್ತಾ ಮಗಳು ತಿರುಗಿ ನೋಡದೆ ಹೇಳಿದಳು. ಖರ್ಜೂರಗಳು ಹತ್ತಿರ ಹತ್ತಿರ ಇಟ್ಟರೂ ತಟ್ಟೆ ತುಂಬಲಿಲ್ಲ.

ಚಾಚಾ ಕಂಕುಳಿನಿಂದ ಫ್ರಾಕು ತೆಗೆದು ಚಾಪೆಯ ಮೇಲಿಟ್ಟರು.

ಮಗಳ ಮುಖ ಸುಣ್ಣದಂತಾಯಿತು. ಕೈಯಲ್ಲಿದ್ದ ಲೋಟ ಓರೆಯಾಗಿ ನೀರೆಲ್ಲ ಚಾಪೆಗೆ ಹರಿಯಿತು. ಅದನ್ನು ಇಬ್ಬರೂ ಗಮನಿಸಲಿಲ್ಲ. "ಇದು... ಇದು ನಿಮ್ಮ ಕೈಗೆ ಹೇಗೆ ಬಂತು?"

"ಈ ಸಲದ ಅಳತೆ ಚೀಲ ನನ್ನ ಅಂಗಡಿಗೆ ಬಂತು," ಎಂದರು ಚಾಚಾ. 'ಈ ಸಲ' ಅನ್ನುವುದು ಯಾಕೆ ಬಾಯಿಗೆ ಬಂತೋ ಅವರಿಗೇ ತಿಳಿಯಲಿಲ್ಲ; ವರ್ಷವರ್ಷ ಬರುವ ಚೀಲ ಅದು, ಮಗಳ ಮದುವೆಯ ನಂತರ ಶುರುವಾದದ್ದರಿಂದ ಅವಳಿಗೆ ಗೊತ್ತಿರಲಿಲ್ಲ.

ಅವಳು ಮಗುವನ್ನು ಹೊರಗೆ ಆಡಲು ಕಳಿಸಿ ಬಾಗಿಲು ಮುಂದೆ ಮಾಡಿದಳು. ಆಮೇಲೆ ಗೋಡೆಗೊರಗಿ ಕೂತು, ಎಲ್ಲ ಹೇಳಿದಳು. ಅಂಗಡಿ ಮುಚ್ಚಿ ಎರಡು ರಂಜಾನ್ ಕಳೆದಿವೆ. ಈಗ ಯಾರೂ ಗಡಿಯಾರ ರಿಪೇರಿ ಮಾಡಿಸುವುದಿಲ್ಲ. ಗಂಡ ಗೋದಾಮಿನಲ್ಲಿ ಮೂಟೆ ಇಳಿಸುತ್ತಾರೆ, ಕೆಲಸ ಸಿಕ್ಕ ದಿನ. ಚಾಚಾ ಅರ್ಧಕ್ಕೇ ಸಿಡಿದರು.

"ನಾನು ಸತ್ತಿದ್ನೇನೇ? ಒಂದು ಮಾತು ಹೇಳೋಕೆ ಬಾಯಿ ಬರಲಿಲ್ವಾ ನಿಂಗೆ?"

"ಹೇಗೆ ಹೇಳ್ಲಿ ಅಬ್ಬಾ? ಮದುವೆ ಹೊತ್ತಲ್ಲಿ ನೀವೇ ಅಂದ್ರಲ್ಲ, 'ಆ ಗಡಿಯಾರದವನನ್ನೇ ಮಾಡ್ಕೋತೀನಿ ಅಂತ ಹಟ ಹಿಡಿದಿದೀಯ, ನಾಳೆ ಕಷ್ಟ ಅಂತ ನನ್ನ ಹೊಸಿಲು ತುಳೀಬೇಡ' ಅಂತ."

ಅಂದಿದ್ದರು, ನಿಜ. ಮೂಗಿನ ತುದಿಯ ಕೋಪದಲ್ಲಿ ಅಂದು, ಮದುವೆಯ ಗದ್ದಲದಲ್ಲಿ ಮರೆತೂಬಿಟ್ಟಿದ್ದರು. ಅಂದವರು ಮರೆತರೆ ಕೇಳಿದವರೂ ಮರೆಯುತ್ತಾರೆಯೇ?

"ನಿಮ್ಮ ಹತ್ತಿರ ತಗೊಂಡಿದ್ರೆ ಅವರು ನಿಮ್ಮೆದುರು ಜನ್ಮಪೂರ್ತಿ ತಲೆ ಎತ್ತುತ್ತಿರಲಿಲ್ಲ," ಎಂದಳು ಮಗಳು. "ಮಸೀದಿಯಿಂದ ಬಂದಿದ್ದಕ್ಕೆ ಆ ಸಂಕಟ ಇಲ್ಲ. ಜಕಾತು ಭಿಕ್ಷೆ ಅಲ್ಲ, ಹಕ್ಕು ಅಂತ ನೀವೇ ತಾನೇ ಹೇಳ್ತಿದ್ದದ್ದು? ನನ್ನ ಮಗಳ ಹಕ್ಕು ತಗೊಂಡೆ. ತಪ್ಪಾ?"

"ತಪ್ಪಲ್ಲ," ಎಂದರು. "ತಪ್ಪಲ್ಲ ಮಗಳೇ. ಆದ್ರೆ ಆ ರೇಷ್ಮೆ..."

"ಏನು ಮಾಡ್ಲಿ? ಬಗಲು ಹರಿದುಹೋಯ್ತು. ಸೇರಿಸೋಕೆ ಮನೇಲಿ ಗಟ್ಟಿ ಬಟ್ಟೆ ಅಂತ ಇದ್ದದ್ದು ಅದೊಂದೇ." ಮಗಳು ಫ್ರಾಕನ್ನು ಎತ್ತಿಕೊಂಡು, ಕಣ್ಣೊರೆಸಿಕೊಂಡು, ಯಾಕೋ ಸಣ್ಣಗೆ ನಕ್ಕಳು. "ಒಂದು ತಮಾಷೆ ಕೇಳಿ. ಹೋದ ವರ್ಷ ಇದು ಬಂದಾಗ ಈ ಕಾಲರು ನೋಡಿ ನನ್ನ ಎದೆ ಧಸಕ್ ಅಂತು. ಇದು ಅಬ್ಬಂದೇ, ಅವರಿಗೆ ಹೇಗೋ ಗೊತ್ತಾಗಿದೆ, ನನಗೆ ನಾಚಿಕೆ ಆಗಬಾರದು ಅಂತ ಕದ್ದು ಕಳಿಸಿದಾರೆ ಅಂದ್ಕೊಂಡು ಎಷ್ಟು ಅತ್ತೆ ಗೊತ್ತಾ? ಖುಷಿಗೆ! ಆಮೇಲೆ ಒಳಗೆ ತಿರುಗಿಸಿ ನೋಡ್ದೆ. ಒಂದು ದಾರದಷ್ಟು ಮಾರ್ಜಿನ್ ಇಲ್ಲ. ಆಗ ಗೊತ್ತಾಯ್ತು, ಇದು ನಿಮ್ಮದಲ್ಲ ಅಂತ. ಮಕ್ಕಳ ಬಟ್ಟೆಗೆ ನಮ್ಮಬ್ಬ ಮಾರ್ಜಿನ್ ಬಿಡದೆ ಇರ್ತಾರಾ? ಯಾರೋ ನಿಮ್ಮ ಕಾಲರು ಕದ್ದು ಕಲ್ತಿದಾನೆ. ಕೊಡೋ ಮನಸ್ಸು ಕಲ್ತಿಲ್ಲ."

ಚಾಚಾ ಮಗಳ ಕೈಯಲ್ಲಿದ್ದ ಫ್ರಾಕಿನ ಕಾಲರನ್ನು ನೋಡಿದರು. ಸುಮ್ಮನಿದ್ದರೆ ಬಚಾವಾಗಬಹುದಿತ್ತು. ಮಗಳ ಕಣ್ಣಲ್ಲಿ ಅವರು ಇನ್ನೂ ಊರಿಗೇ ದೊಡ್ಡ ಮನುಷ್ಯ. ಆದರೆ ಬೆಳಗಿನಿಂದ ಹನಿ ನೀರು ಕುಡಿಯದ ಬಾಯಲ್ಲಿ ಸುಳ್ಳು ಇಟ್ಟುಕೊಂಡು ಕೂರುವುದು ಅವರಿಂದಾಗಲಿಲ್ಲ.

"ಅದು ನಂದೇ," ಎಂದರು. "ಹೋದ ವರ್ಷದ್ದೂ ನಾನೇ ಹೊಲಿದಿದ್ದು. ಪ್ರತಿ ವರ್ಷ ನಾನೇ. ಮಾರ್ಜಿನ್ ಬಿಡದೆ ಇದ್ದದ್ದೂ ನಾನೇ."

ಮಗಳು ಅವರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಚಾಚಾ ಕಾದರು, ಬರಲಿ ಎಂದೇ ಕಾದರು. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು. ಮಗಳು ಖರ್ಜೂರದಲ್ಲಿ ದೊಡ್ಡದೊಂದನ್ನು ಆರಿಸಿ ಅವರ ಕೈಗಿಟ್ಟಳು.

"ಸಾಕು ಬಿಡಿ ಅಬ್ಬಾ," ಎಂದಳು, ಮಗುವಿಗೆ ಹೇಳುವ ಹಾಗೆ. "ಯಾರೋ ಬಡ ದರ್ಜಿ, ಅವನ ಮೇಲೆ ನನಗೆ ಕೋಪ ಇಲ್ಲ. ಅವನ ತಪ್ಪನ್ನ ನೀವು ಮೈಮೇಲೆ ಎಳ್ಕೊಳ್ಳಬೇಡಿ. ಉಪವಾಸ ಬಿಡಿ."